ಹಳ್ಳಿಗೆ ಕುಡಿಯುವ ನೀರಿನ ಕೆಲಸಕ್ಕೆ ಹೊರಟಿದ್ದೀರಾ? ಫಿಲ್ಟರ್ ವಿಷಯ ಆಮೇಲೆ ನೋಡೋಣ

“ನಾವು ಹತ್ತು ಜನ ಸ್ನೇಹಿತರು ಸೇರಿ ಒಂದು ಹಳ್ಳಿಗೆ ಆರ್‌ಒ ಫಿಲ್ಟರ್ ಹಾಕಿಸಬೇಕು ಅಂತಿದ್ದೀವಿ. ಯಾವ ಹಳ್ಳಿ ಆದರೆ ಒಳ್ಳೇದು ಹೇಳಿ.” ಬೆಂಗಳೂರಿಂದಲೋ ದುಬೈಯಿಂದಲೋ ಈ ಪ್ರಶ್ನೆ ನನಗೆ ತಿಂಗಳಿಗೆ ಎರಡು ಸಲವಾದರೂ ಬರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಯಿತು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಈ ಪ್ರಶ್ನೆಯೇ ತಲೆಕೆಳಗಾಗಿದೆ. ಮಷಿನ್ ಯಾವುದು (ಆರ್‌ಒ, ಅಂದರೆ ನೀರನ್ನು ಪೊರೆಯ ಮೂಲಕ ಒತ್ತಿ ಲವಣ ತೆಗೆಯುವುದು) ಅಂತ ತೀರ್ಮಾನ ಆಗಿದೆ, ಹಳ್ಳಿ ಇನ್ನೂ ಹುಡುಕಬೇಕು, ಆ ಹಳ್ಳಿಯ ನೀರಿನಲ್ಲಿ ಏನಿದೆ ಅನ್ನುವುದು ಯಾರಿಗೂ ಗೊತ್ತಿಲ್ಲ! ಪಾವಗಡ, ಮಧುಗಿರಿ, ಬಾಗೇಪಲ್ಲಿ, ಕೋಲಾರದ ಕಡೆ ಸುತ್ತಾಡಿ ನೋಡಿ. ಬೀಗ ಬಿದ್ದ ಫಿಲ್ಟರ್ ಕೋಣೆಗಳು ಸಿಗುತ್ತವೆ. ಕಟ್ಟಿಸಿದವರ ಮನಸ್ಸು ಒಳ್ಳೆಯದೇ ಇತ್ತು. ಕೆಟ್ಟ ದಿನ ಯಾರಿಗೆ ಫೋನ್ ಮಾಡಬೇಕು, ರಿಪೇರಿ ದುಡ್ಡು ಎಲ್ಲಿಂದ ಬರಬೇಕು ಅನ್ನುವುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ನಾನೂ ಆ ತಪ್ಪು ಮಾಡಿದವನೇ. ನಮ್ಮ ಗುಂಪು ಹಾಕಿಸಿದ ಮೊದಲ ಘಟಕ ಹನ್ನೊಂದು ತಿಂಗಳು ನಡೆಯಿತು, ಅಷ್ಟೇ.

ಇಲ್ಲಿ ಬರೆದಿರುವುದು ಮುಖ್ಯವಾಗಿ ಬಯಲುಸೀಮೆಯ ಹಳ್ಳಿಗಳಿಗೆ. ಮಲೆನಾಡಿನ ಲೆಕ್ಕವೇ ಬೇರೆ, ಅದಕ್ಕೆ ಮುಂದೆ ಒಂದು ಪ್ಯಾರಾ ಇದೆ.

ಹೊರಡುವ ಮುಂಚೆ ಬೇಕಾದ್ದು

ದುಡ್ಡಿಗಿಂತ ಮೊದಲು ಸಮಯ ಬೇಕು. ಕಡಿಮೆ ಅಂದರೆ ಒಂದು ವರ್ಷ, ತಿಂಗಳಿಗೆ ಎರಡು ಸಲ ಹೋಗಿ ಬರಬೇಕು. ಅಷ್ಟು ಆಗದಿದ್ದರೆ ಆಗಲೇ ಕೆಲಸ ಮಾಡುತ್ತಿರುವ ಗುಂಪಿನ ಜೊತೆ ಸೇರಿಕೊಳ್ಳಿ, ಹೊಸದಾಗಿ ಶುರು ಮಾಡಬೇಡಿ.

ಗುಂಪಿನಲ್ಲಿ ನಾಲ್ಕೈದು ಜನ ಸಾಕು. ಒಬ್ಬರು ಲೆಕ್ಕ ಬರೆಯುವವರು ಇರಬೇಕು. ಒಬ್ಬರು ಪ್ಲಂಬಿಂಗ್ ಗೊತ್ತಿರುವವರಾದರೆ ಒಳ್ಳೆಯದು. ಒಬ್ಬರಾದರೂ ಆ ತಾಲ್ಲೂಕಿನವರೇ ಆಗಿರಲಿ. ಪಾವಗಡ, ಬಾಗೇಪಲ್ಲಿ ಕಡೆ ಎಷ್ಟೋ ಊರಲ್ಲಿ ಮನೆಮಾತು ತೆಲುಗು. ನೀವು ಕನ್ನಡದಲ್ಲಿ ಕೇಳಿದರೆ ಉತ್ತರ ಕೊಡುತ್ತಾರೆ, ಆದರೆ ಹೆಂಗಸರು ತಮ್ಮೊಳಗೆ ತೆಲುಗಿನಲ್ಲಿ ಆಡಿಕೊಳ್ಳುವ ಮಾತಲ್ಲೇ ನಿಜವಾದ ಸುದ್ದಿ ಇರುತ್ತದೆ.

ಹಂತ 1: ಮೊದಲು ಪಂಚಾಯಿತಿಗೆ ಹೋಗಿ

ಹಳ್ಳಿಯ ಕುಡಿಯುವ ನೀರಿನ ಜವಾಬ್ದಾರಿ ಗ್ರಾಮ ಪಂಚಾಯಿತಿಯದು. ನೀವು ಹೋದ ಮೇಲೂ ಅದು ಅವರದೇ. ಅದಕ್ಕೇ ಅವರನ್ನು ಬಿಟ್ಟು ಏನೂ ಮಾಡಬೇಡಿ. ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅವರನ್ನು ಕಂಡು ಈ ನಾಲ್ಕು ವಿಷಯ ಕೇಳಿ:

- ಊರಿಗೆ ನೀರು ಯಾವ ಯಾವ ಬೋರ್‌ವೆಲ್‌ನಿಂದ ಬರುತ್ತಿದೆ? ಬಹುಗ್ರಾಮ ಯೋಜನೆಯ (ದೂರದ ನದಿಯಿಂದಲೋ ಜಲಾಶಯದಿಂದಲೋ ಪೈಪಿನಲ್ಲಿ ಅನೇಕ ಹಳ್ಳಿಗಳಿಗೆ ನೀರು ತರುವ ಯೋಜನೆ) ಪಟ್ಟಿಯಲ್ಲಿ ಈ ಊರು ಇದೆಯಾ?
- ಕೊನೆಯ ಸಲ ನೀರು ಪರೀಕ್ಷೆ ಮಾಡಿಸಿದ್ದು ಯಾವಾಗ, ವರದಿ ಎಲ್ಲಿ?
- ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಇದೆಯಾ? ಸಭೆ ಸೇರುತ್ತದಾ?
- ಈ ಮೊದಲು ಯಾರಾದರೂ ಫಿಲ್ಟರ್, ತೊಟ್ಟಿ, ಮಳೆಕೊಯ್ಲು ಹಾಕಿಸಿದ್ದರಾ? ಅದು ಈಗ ಯಾವ ಸ್ಥಿತಿಯಲ್ಲಿದೆ?

ಎರಡನೇ ಪ್ರಶ್ನೆ ಕೇಳಲು ಸಂಕೋಚ ಬೇಡ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಪ್ರಕಾರ ಪ್ರತಿ ಮನೆಗೂ ನಲ್ಲಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್, ಅದೂ ಕುಡಿಯಲು ಯೋಗ್ಯವಾದ ನೀರು ಬರಬೇಕು. ನೀರಿನ ಮೂಲವನ್ನು ವರ್ಷಕ್ಕೆ ಒಂದು ಸಲ ರಾಸಾಯನಿಕಗಳಿಗೆ, ಎರಡು ಸಲ ಕ್ರಿಮಿಗಳಿಗೆ ಪರೀಕ್ಷಿಸಬೇಕು. ಹಾಗಾಗಿ ನೀವು ಕೇಳುತ್ತಿರುವುದು ಇರಲೇಬೇಕಾದ ಕಾಗದವನ್ನು.

ಎಚ್ಚರಿಕೆ: ಊರಿನ ಯಾರೋ ಒಬ್ಬ ದೊಡ್ಡವರು “ನಮ್ಮ ಜಾಗದಲ್ಲೇ ಹಾಕಿ, ಪಂಚಾಯಿತಿ ಯಾಕೆ” ಅಂದರೆ ನಗುತ್ತಾ ನಮಸ್ಕಾರ ಹೇಳಿ ಬನ್ನಿ. ಖಾಸಗಿ ಜಾಗದಲ್ಲಿ ಕಟ್ಟಿದ ತೊಟ್ಟಿಯ ಬೀಗದ ಕೈ ಯಾವತ್ತೂ ಜಾಗದ ಯಜಮಾನರ ಹತ್ತಿರವೇ ಇರುತ್ತದೆ. ಏನೇ ಹಾಕಿದರೂ ಸರ್ಕಾರಿ ಜಾಗದಲ್ಲಿ, ಪಂಚಾಯಿತಿ ಸಭೆಯಲ್ಲಿ ಠರಾವು ಆದ ಮೇಲೆ. ಠರಾವಿನ ನಕಲು ನಿಮ್ಮ ಹತ್ತಿರವೂ ಇರಲಿ.

ಹಂತ 2: ನೀರುಗಂಟಿಯ ಜೊತೆ ಊರು ಸುತ್ತಿ

ನೀರುಗಂಟಿ, ಈಗಿನವರ ಬಾಯಲ್ಲಿ ವಾಟರ್‌ಮನ್. ಮೋಟಾರ್ ಹಾಕಿ, ವಾಲ್ವ್ ತಿರುಗಿಸಿ ನೀರು ಬಿಡುವವರು. ಇಡೀ ಊರಿನ ಪೈಪಿನ ನಕ್ಷೆ ಅವರ ತಲೆಯಲ್ಲಿದೆ, ಎಷ್ಟೋ ಊರಲ್ಲಿ ಬೇರೆಲ್ಲೂ ಇಲ್ಲ. ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಹೋಗಿ ಅವರ ಜೊತೆ ಬೋರ್‌ವೆಲ್‌ನಿಂದ ಕೊನೆಯ ನಲ್ಲಿಯವರೆಗೆ ನಡೆಯಿರಿ. ಟೀ ಕುಡಿಸಿ. ನಿಮ್ಮ ಕೆಲಸ ಉಳಿಯುವುದೋ ಬಿಡುವುದೋ ಅನ್ನುವುದು ಬಹುಮಟ್ಟಿಗೆ ಇವರ ಕೈಲಿದೆ.

ನಡೆಯುವಾಗ ನೋಡಬೇಕಾದ್ದು ಏನು? ಬೋರ್‌ವೆಲ್ ಸುತ್ತ ಸಿಮೆಂಟ್ ಕಟ್ಟೆ ಇದೆಯಾ, ಕೊಳಚೆ ನಿಂತಿದೆಯಾ. ಓವರ್‌ಹೆಡ್ ಟ್ಯಾಂಕಿನ ಮುಚ್ಚಳ ಇದೆಯಾ. ಟ್ಯಾಂಕಿನ ಕಂಬದ ಮೇಲೆ ‘ಸ್ವಚ್ಛಗೊಳಿಸಿದ ದಿನಾಂಕ’ ಅಂತ ಬಣ್ಣದಲ್ಲಿ ಬರೆದಿರುತ್ತಾರೆ, ಅದನ್ನು ಓದಿ. ಎರಡು ವರ್ಷ ಹಳೆಯ ದಿನಾಂಕ ಇದ್ದರೆ ನಿಮ್ಮ ಮೊದಲ ಕೆಲಸ ಸಿಕ್ಕಿತು ಅಂತಲೇ ಲೆಕ್ಕ.

ಎಲ್ಲಕ್ಕಿಂತ ಮುಖ್ಯವಾಗಿ ವಾಲ್ವ್ ಗುಂಡಿ ನೋಡಿ. ರಸ್ತೆ ಪಕ್ಕ, ಚರಂಡಿಗೆ ಅಂಟಿಕೊಂಡಂತೆ ಎರಡಡಿ ಆಳದ ಗುಂಡಿ ಇರುತ್ತದೆ. ಮೇಲಿನ ಕಲ್ಲು ಸರಿಸಿದರೆ ಒಳಗೆ ಕಪ್ಪು ನೀರು ನಿಂತಿರುತ್ತದೆ, ವಾಲ್ವ್ ಅದರಲ್ಲೇ ಮುಳುಗಿರುತ್ತದೆ. ನೀರು ಬಿಟ್ಟಾಗ ಪೈಪಿನ ಒಳಗೆ ಒತ್ತಡ ಇರುತ್ತದೆ, ಸೋರಿದರೂ ಒಳಗಿನದು ಹೊರಗೆ ಹೋಗುತ್ತದೆ. ಮೋಟಾರ್ ನಿಲ್ಲಿಸಿದ ಕೂಡಲೇ ಪೈಪ್ ಖಾಲಿಯಾಗುತ್ತಾ ಹೊರಗಿನ ಕೊಳಚೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮಾರನೇ ದಿನ ಮೊದಲ ಬಿಂದಿಗೆಗೆ ಬರುವುದು ಆ ನೀರು. ದಿನಕ್ಕೆ ಒಂದೇ ಗಂಟೆ ನೀರು ಬಿಡುವ ಊರಲ್ಲಿ ವಾಂತಿ ಭೇದಿ ಜಾಸ್ತಿ ಆಗಲು ಇದೊಂದು ದೊಡ್ಡ ಕಾರಣ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತ ಸುದ್ದಿ ಓದಿದ್ದು ನಿಮಗೆ ನೆನಪಿರಬಹುದು. ಅದು ಜಿಲ್ಲಾ ಕೇಂದ್ರಕ್ಕೆ ಅಂಟಿಕೊಂಡಂತೆ ಇರುವ ಜಾಗ. ದೂರದ ಹಟ್ಟಿಗಳಲ್ಲಿ ಆಗುವುದು ಎಷ್ಟೋ ಸಲ ಸುದ್ದಿಯೇ ಆಗುವುದಿಲ್ಲ.

ಊರಿನ ಎಲ್ಲ ಕೇರಿಗೂ ಹೋಗಿ. ಕಾಲೋನಿಗೆ, ತಾಂಡಾಕ್ಕೆ, ಊರಾಚೆಯ ನಾಲ್ಕು ಮನೆಗೆ. ನಿಮ್ಮನ್ನು ಕರೆದುಕೊಂಡು ಹೋಗುವವರು ಅಲ್ಲಿಗೆ ಬೇಡ ಅಂದರೆ ಅಲ್ಲಿಗೇ ಮೊದಲು ಹೋಗಬೇಕು ಅಂತ ಅರ್ಥ.

ಹಂತ 3: ನೀರು ಪರೀಕ್ಷೆ ಮಾಡಿಸಿ

ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಟಿಡಿಎಸ್ ಪೆನ್ನು. ನೀರಿಗೆ ಅದ್ದಿದರೆ ಸಂಖ್ಯೆ ತೋರಿಸುತ್ತದಲ್ಲ, ಅದು. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು ಮೊತ್ತ. ಅದರಲ್ಲಿ ಫ್ಲೋರೈಡ್ (ಜಾಸ್ತಿಯಾದರೆ ಹಲ್ಲು, ಮೂಳೆ ಕೆಡಿಸುವ ಲವಣ) ಎಷ್ಟು ಅಂತ ಪೆನ್ನಿಗೆ ಗೊತ್ತಿಲ್ಲ. ಕ್ರಿಮಿ ಇದೆಯಾ ಅಂತಲೂ ಗೊತ್ತಿಲ್ಲ. 400 ತೋರಿಸಿದ ನೀರಿನಲ್ಲೂ ಫ್ಲೋರೈಡ್ ಮಿತಿ ಮೀರಿರಬಹುದು. ಪೆನ್ನು ಜೇಬಲ್ಲಿರಲಿ, ತೀರ್ಪು ಅದರಿಂದ ಬೇಡ.

ಪ್ರತಿ ಜಿಲ್ಲೆಯಲ್ಲೂ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯ ಇದೆ. ಜನಸಾಮಾನ್ಯರೂ ಅಲ್ಪ ಶುಲ್ಕಕ್ಕೆ ಪರೀಕ್ಷೆ ಮಾಡಿಸಬಹುದು. ಮಾದರಿ ತೆಗೆಯುವ ಕ್ರಮ ಹೀಗೆ:

1. ರಾಸಾಯನಿಕ ಪರೀಕ್ಷೆಗೆ ಶುಭ್ರವಾದ ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿ. ಅದೇ ನೀರಿನಿಂದ ಮೂರು ಸಲ ತೊಳೆದು ಆಮೇಲೆ ತುಂಬಿ. ಬೋರ್‌ವೆಲ್ ಆದರೆ ಐದು ನಿಮಿಷ ನೀರು ಹರಿಯಲು ಬಿಟ್ಟು ತುಂಬಿ.
2. ಕ್ರಿಮಿ ಪರೀಕ್ಷೆಗೆ ಪ್ರಯೋಗಾಲಯವೇ ಕೊಡುವ ಕ್ರಿಮಿರಹಿತ ಬಾಟಲಿ. ಇದನ್ನು ತೊಳೆಯಬಾರದು. ಮುಚ್ಚಳದ ಒಳಭಾಗ ಮುಟ್ಟಬಾರದು. ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಿ. ಶನಿವಾರ ಸಂಜೆ ತೆಗೆದು ಸೋಮವಾರ ಕೊಟ್ಟರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ.
3. ಮೂರು ಕಡೆಯಿಂದ ತೆಗೆಯಿರಿ: ಬೋರ್‌ವೆಲ್, ಕೊನೆಯ ನಲ್ಲಿ, ಒಂದು ಮನೆಯ ಕುಡಿಯುವ ನೀರಿನ ಬಿಂದಿಗೆ. ಬೋರ್‌ವೆಲ್‌ನಲ್ಲಿ ಚೆನ್ನಾಗಿದ್ದು ನಲ್ಲಿಯಲ್ಲಿ ಕೆಟ್ಟಿದ್ದರೆ ತಪ್ಪು ಪೈಪಿನದು. ನಲ್ಲಿಯಲ್ಲಿ ಚೆನ್ನಾಗಿದ್ದು ಬಿಂದಿಗೆಯಲ್ಲಿ ಕೆಟ್ಟಿದ್ದರೆ ಲೋಟ ಅದ್ದುವ ಕೈಯದು.
4. ಬಾಟಲಿ ಮೇಲೆ ಊರು, ಜಾಗ, ದಿನ, ಗಂಟೆ ಬರೆಯಿರಿ. ಆಮೇಲೆ ಬರೆಯೋಣ ಅಂದರೆ ಮೂರೂ ಬಾಟಲಿ ಒಂದೇ ಥರ ಕಾಣುತ್ತವೆ, ಅನುಭವದ ಮಾತು.

ವರದಿ ಬಂದಾಗ ನೋಡಬೇಕಾದ ಮಿತಿಗಳು, ಭಾರತೀಯ ಮಾನಕ 10500ರ ಪ್ರಕಾರ: ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ನೈಟ್ರೇಟ್ 45, ಇದರಲ್ಲಿ ರಿಯಾಯಿತಿ ಇಲ್ಲ. ಟಿಡಿಎಸ್ 500, ಬೇರೆ ದಾರಿ ಇಲ್ಲದಿದ್ದರೆ 2000. ಗಡಸುತನ 200, ಹಾಗೆಯೇ 600. ಇ-ಕೋಲೈ, ಅಂದರೆ ಮಲದಿಂದ ಬರುವ ಕ್ರಿಮಿ, 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು.

ಊರಿನವರಿಗೆ ತೋರಿಸಲು ಇನ್ನೊಂದು ಸುಲಭ ಸಾಧನ ಇದೆ. ಎಚ್‌ಟುಎಸ್ ಬಾಟಲಿ ಅಂತ, ಬೆರಳುದ್ದದ ಸೀಸೆ. ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ ಕೆಟ್ಟ ಕ್ರಿಮಿ ಇರುವ ನೀರು ಕಪ್ಪಾಗುತ್ತದೆ. ಶನಿವಾರ ಅರಳಿಕಟ್ಟೆಯಲ್ಲಿ ಎಲ್ಲರ ಎದುರು ತುಂಬಿಸಿ ಅಂಗನವಾಡಿಯಲ್ಲಿ ಇಡಿ. ಸೋಮವಾರ ಆ ಕಪ್ಪು ಸೀಸೆ ನೋಡಿದವರಿಗೆ ನೀವು ಭಾಷಣ ಮಾಡಬೇಕಾಗಿಲ್ಲ. ಪರೀಕ್ಷೆ ಮುಗಿದ ಸೀಸೆಗೆ ಬ್ಲೀಚಿಂಗ್ ಪೌಡರ್ ನೀರು ಹಾಕಿ, ಮಕ್ಕಳ ಕೈಗೆ ಸಿಗದ ಹಾಗೆ ಹೂಳಿ.

ಹಂತ 4: ಕಾಯಿಲೆ ಯಾವುದು, ಔಷಧಿ ಯಾವುದು

ನೀರಿನ ತೊಂದರೆಯನ್ನು ಎರಡು ಗಂಟಾಗಿ ನೋಡಿ. ಒಂದು ಕ್ರಿಮಿ, ಇನ್ನೊಂದು ಲವಣ. ಕ್ರಿಮಿಗೆ ಕ್ಲೋರಿನ್, ಕುದಿಸುವುದು, ಸೋರಿಕೆ ಮುಚ್ಚುವುದು ಸಾಕು. ಖರ್ಚು ಕಡಿಮೆ, ಫಲ ಬೇಗ. ಬಹಳ ಊರಿಗೆ ಬೇಕಾಗಿರುವುದು ಇದೇ. ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಅಂತ ಯಾರೂ ಮಾಡುವುದಿಲ್ಲ, ಅಷ್ಟೇ.

ಲವಣದಲ್ಲಿ ನಮ್ಮ ಕಡೆಯ ದೊಡ್ಡ ಶತ್ರು ಫ್ಲೋರೈಡ್. ಗ್ರಾನೈಟ್ ಥರದ ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಇದು ಕಲ್ಲಿನಿಂದಲೇ ಇಳಿಯುತ್ತದೆ. ಶಾಲೆಗೆ ಹೋಗಿ ಮಕ್ಕಳನ್ನು ನಗಿಸಿ ನೋಡಿ. ಮುಂದಿನ ಹಲ್ಲಿನ ಮೇಲೆ ಹಳದಿ, ಕಂದು ಗೆರೆಗಳು ಕಂಡರೆ ಅನುಮಾನ ಪಡಿ. ವರ್ಷಗಟ್ಟಲೆ ಕುಡಿದ ದೊಡ್ಡವರಲ್ಲಿ ಬೆನ್ನು, ಮಂಡಿ ಬಗ್ಗುವುದಿಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟು ಉಳಿದದ್ದರಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಮಾಮೂಲಿ ಕ್ಯಾಂಡಲ್ ಫಿಲ್ಟರಿನಲ್ಲೂ ಹೋಗುವುದಿಲ್ಲ. ಈ ಎರಡು ಮಾತನ್ನು ಊರಲ್ಲಿ ಮನೆಮನೆಗೂ ಹೇಳಿ.

ಸಮಾಧಾನದ ವಿಷಯ ಒಂದಿದೆ. ಫ್ಲೋರೈಡ್ ನೀರಲ್ಲಿ ಸ್ನಾನ ಮಾಡಬಹುದು, ಬಟ್ಟೆ ಒಗೆಯಬಹುದು, ದನಕ್ಕೆ ಮೈ ತೊಳೆಯಬಹುದು. ಕುಡಿಯಲು, ಅಡುಗೆಗೆ ಮಾತ್ರ ಬೇರೆ ನೀರು ಬೇಕು. ಒಬ್ಬರಿಗೆ ದಿನಕ್ಕೆ 55 ಲೀಟರ್ ಶುದ್ಧ ಮಾಡುವ ಬದಲು ಐದಾರು ಲೀಟರ್ ಸಾಕು. ಇದು ತಲೆಗೆ ಬಂದ ಕೂಡಲೇ ನಿಮ್ಮ ಬಜೆಟ್ಟೇ ಬದಲಾಗುತ್ತದೆ.

ಹೊಸ ಬೋರ್‌ವೆಲ್ ಕೊರೆಸುವ ಆಸೆಗೆ ಮಾತ್ರ ಬೀಳಬೇಡಿ. ಕೈಯಲ್ಲಿ ತೆಂಗಿನಕಾಯಿ ನಿಲ್ಲಿಸಿ ಪಾಯಿಂಟ್ ತೋರಿಸುವವರು ಎಲ್ಲ ಊರಲ್ಲೂ ಇದ್ದಾರೆ. ಸಾವಿರ ಅಡಿ ಇಳಿದು ನೀರು ಸಿಕ್ಕರೂ ಅದರಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿ ಇರುವ ಸಾಧ್ಯತೆ ಇದೆ. ನೀರು ಬರದೆ ಬಿಟ್ಟ ಕೊಳವೆಬಾವಿ ಮಕ್ಕಳ ಪ್ರಾಣಕ್ಕೇ ಅಪಾಯ. ಊರು ಸುತ್ತುವಾಗ ಅಂಥದ್ದು ತೆರೆದಿರುವುದು ಕಂಡರೆ ಫೋಟೋ ತೆಗೆದು ಅವತ್ತೇ ಪಿಡಿಒಗೆ ಕಳಿಸಿ, ಮುಚ್ಚುವವರೆಗೆ ಬಿಡಬೇಡಿ.

ಹಂತ 5: ಫ್ಲೋರೈಡ್ ಊರಿನ ಶಾಲೆಗೆ ಮಳೆ ನೀರು

ನನ್ನನ್ನು ಕೇಳಿದರೆ ಸ್ವಯಂಸೇವಕರಿಗೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲ ಅಂತಲೇ ಹೇಳಬಹುದು. ಕರೆಂಟ್ ಬೇಡ, ಮೆಂಬ್ರೇನ್ (ಆರ್‌ಒ ಒಳಗೆ ಲವಣ ತಡೆಯುವ ಪೊರೆ) ಬೇಡ. “ಪಾವಗಡದಲ್ಲಿ ಮಳೆಯೇ ಇಲ್ಲವಲ್ಲ ಸಾರ್” ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ಹಾಕೋಣ ಬನ್ನಿ.

ಶಾಲೆಯ ಆರ್‌ಸಿಸಿ ಚಾವಣಿ 100 ಚದರ ಮೀಟರ್ ಅಂತಿಟ್ಟುಕೊಳ್ಳಿ. ವರ್ಷಕ್ಕೆ 500 ಮಿಲಿಮೀಟರ್ ಮಳೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಒಟ್ಟು 50,000 ಲೀಟರ್. ಚೆಲ್ಲಿ, ಆವಿಯಾಗಿ ಹೋಗುವುದನ್ನು ಕಳೆದು ನೂರಕ್ಕೆ 80 ಹಿಡಿದರೆ 40,000 ಲೀಟರ್. ಅರವತ್ತು ಮಕ್ಕಳಿಗೆ ಕುಡಿಯಲು, ಬಿಸಿಯೂಟಕ್ಕೆ ತಲಾ 3 ಲೀಟರಿನಂತೆ ದಿನಕ್ಕೆ 180 ಲೀಟರ್. 220 ಶಾಲಾ ದಿನಕ್ಕೆ 39,600. ಸರಿಹೋಯಿತಲ್ವಾ?

ಹಾಗಂತ 40,000 ಲೀಟರಿನ ತೊಟ್ಟಿ ಬೇಕಾಗಿಲ್ಲ. ಮಳೆ ಬರುತ್ತಾ ತೊಟ್ಟಿ ತುಂಬುತ್ತಾ ಖರ್ಚಾಗುತ್ತಾ ಇರುತ್ತದೆ. ಹಿಂಗಾರು ಮುಗಿದು ಡಿಸೆಂಬರಿನಿಂದ ಬೇಸಿಗೆ ರಜೆಯವರೆಗೆ ಸುಮಾರು ನೂರು ಶಾಲಾ ದಿನ, ಅಷ್ಟಕ್ಕೆ 18,000 ಲೀಟರ್. ಹಾಗಾಗಿ 20,000 ಲೀಟರಿನ ತೊಟ್ಟಿ ಸಾಕು. ಮಳೆ ಕೈಕೊಟ್ಟ ವರ್ಷ ಅದೇ ತೊಟ್ಟಿಗೆ ಟ್ಯಾಂಕರಿನಲ್ಲಿ ಒಳ್ಳೆ ನೀರು ತಂದು ತುಂಬಿಸಬಹುದು.

ಕಟ್ಟುವ ಮೊದಲು ಶಾಲೆಯ ಹಿಂದೆ ಒಂದು ಸುತ್ತು ಹಾಕಿ. 2006ರ ಆಸುಪಾಸಿನಲ್ಲಿ ಸುವರ್ಣ ಜಲ ಅಂತ ಸರ್ಕಾರದ ಯೋಜನೆ ಬಂದಿತ್ತು, ಸಾವಿರಾರು ಗ್ರಾಮೀಣ ಶಾಲೆಗಳಿಗೆ ಮಳೆಕೊಯ್ಲು ಮಾಡಿಸಲು. ಮುರಿದ ಪೈಪು, ಒಳಗೆ ಗಿಡ ಬೆಳೆದ ತೊಟ್ಟಿ ಸಿಕ್ಕರೆ ಅದೃಷ್ಟ. ಹಳೆಯದನ್ನು ರಿಪೇರಿ ಮಾಡಿದರೆ ಖರ್ಚು ಎಷ್ಟೋ ಕಡಿಮೆ. ಯಾಕೆ ಹಾಳಾಯಿತು ಅಂತ ಮೇಷ್ಟ್ರನ್ನು, ಬಿಸಿಯೂಟದ ಅಕ್ಕನನ್ನು ಕೇಳಿ. ಅವರು ಹೇಳುವ ಕಾರಣವೇ ನಿಮ್ಮ ಡಿಸೈನು.

ಕಟ್ಟುವ ಕ್ರಮ:

1. ಚಾವಣಿ ನೋಡಿ. ಆರ್‌ಸಿಸಿ, ಹೆಂಚು, ತಗಡು ಆಗಬಹುದು. ಆಸ್ಬೆಸ್ಟಾಸ್ ಶೀಟಿನ ನೀರು ಕುಡಿಯಲು ಬೇಡ. ಚಾವಣಿಯ ಮೇಲೆ ಬಾಗಿದ ಮರದ ಕೊಂಬೆ ಕತ್ತರಿಸಿ, ಇಲ್ಲದಿದ್ದರೆ ಎಲೆ, ಹಕ್ಕಿ ಹಿಕ್ಕೆ ತಪ್ಪಿದ್ದಲ್ಲ.
2. ಮೊದಲ ಮಳೆ ತೊಟ್ಟಿಗೆ ಹೋಗಬಾರದು. ಮೊದಲ 2 ಮಿಲಿಮೀಟರ್ ಚಾವಣಿ ತೊಳೆಯುವ ನೀರು. 100 ಚದರ ಮೀಟರಿಗೆ ಅದು 200 ಲೀಟರ್, ಸರಿಯಾಗಿ ಒಂದು ಡ್ರಮ್ಮು. ಪೈಪಿನ ನೀರು ಮೊದಲು ಈ ಡ್ರಮ್ಮಿಗೆ ಬಿದ್ದು, ಅದು ತುಂಬಿದ ಮೇಲೆ ಮುಂದೆ ಹೋಗುವ ಹಾಗೆ ಮಾಡಿ. ಡ್ರಮ್ಮಿನ ತಳದಲ್ಲಿ ಒಂದು ನಲ್ಲಿ ಇಟ್ಟು ಸ್ವಲ್ಪವೇ ತೊಟ್ಟಿಕ್ಕಲು ಬಿಡಿ. ಮುಂದಿನ ಮಳೆಗೆ ತಾನೇ ಖಾಲಿಯಾಗಿರುತ್ತದೆ.
3. ಆಮೇಲೆ ಸೋಸುವ ಡ್ರಮ್. ಕೆಳಗೆ ಜಲ್ಲಿ, ಅದರ ಮೇಲೆ ಇದ್ದಿಲು, ಅದರ ಮೇಲೆ ತೊಳೆದ ಮರಳು, ಪದರಗಳ ನಡುವೆ ಬಲೆ. ಮೇಲಿನ ಮರಳನ್ನು ಪ್ರತಿ ವರ್ಷ ತೊಳೆಯಬೇಕು.
4. ತೊಟ್ಟಿ ನೆಲದ ಮೇಲಿರಲಿ. ನೆಲದಡಿಯ ಸಂಪಿನಲ್ಲಿ ಬಿರುಕು ಬಿಟ್ಟರೆ ಕಾಣುವುದಿಲ್ಲ, ಶೌಚಾಲಯದ ಗುಂಡಿಯ ನೀರು ಒಳಗೆ ಬಂದರೂ ಗೊತ್ತಾಗುವುದಿಲ್ಲ. ತೊಟ್ಟಿಯ ಒಳಗೆ ಬೆಳಕು ಬಿದ್ದರೆ ಪಾಚಿ, ಗಾಳಿ ಕಂಡಿಯಲ್ಲಿ ಸೊಳ್ಳೆ. ಹಾಗಾಗಿ ಮುಚ್ಚಳ ಬಿಗಿಯಾಗಿರಲಿ, ಹೆಚ್ಚಾದ ನೀರು ಹೋಗುವ ಪೈಪಿಗೆ ಸಣ್ಣ ಬಲೆ ಕಟ್ಟಿ.
5. ನಲ್ಲಿಯಿಂದ ಮಾತ್ರ ನೀರು ತೆಗೆಯುವ ಹಾಗಿರಲಿ. ಬಿಂದಿಗೆ ಅದ್ದುವ ತೊಟ್ಟಿ ಒಂದು ವಾರಕ್ಕೆ ಕೆಡುತ್ತದೆ.

ಜನ ಒಪ್ಪುವುದು ಸ್ವಲ್ಪ ನಿಧಾನ. ಉಪ್ಪು ನೀರಿಗೆ ಒಗ್ಗಿದ ನಾಲಿಗೆಗೆ ಮಳೆ ನೀರು ಸಪ್ಪೆ. “ಥೂ, ಇದೇನು ಕಾದಾರಿಸಿದ ನೀರಿದ್ದಂಗಿದೆ” ಅಂತಾರೆ. ವಾದಕ್ಕೆ ಇಳಿಯಬೇಡಿ. ಬಿಸಿಯೂಟದ ಅಕ್ಕನಿಗೆ ಆ ನೀರಲ್ಲಿ ತೊಗರಿಬೇಳೆ ಬೇಯಿಸಲು ಹೇಳಿ. ಬೋರ್ ನೀರಿನಲ್ಲಿ ಎಷ್ಟು ಹೊತ್ತಾದರೂ ಕಾಳು ಕಾಳಾಗಿ ಉಳಿಯುವ ಬೇಳೆ ಇಲ್ಲಿ ಬೆಣ್ಣೆ ಥರ ಕರಗುತ್ತದೆ. ಗ್ಯಾಸು, ಸೌದೆ ಉಳಿಯಿತು ಅನ್ನುವ ಸುದ್ದಿ ಸಂಜೆಯೊಳಗೆ ಊರೆಲ್ಲ ಹರಡಿರುತ್ತದೆ.

ಹಂತ 6: ಕ್ಲೋರಿನ್ ಹಾಕುವುದು

ಬ್ಲೀಚಿಂಗ್ ಪೌಡರ್ ಎಲ್ಲ ಪಂಚಾಯಿತಿಯಲ್ಲೂ ಇರುತ್ತದೆ. ಎಷ್ಟೋ ಕಡೆ ಬಾಯಿ ತೆರೆದ ಚೀಲದಲ್ಲಿ, ಮೂಲೆಯಲ್ಲಿ. ಗಾಳಿ, ತೇವ, ಬೆಳಕು ತಾಗಿದರೆ ಅದರ ಶಕ್ತಿ ಹೋಗುತ್ತದೆ, ಆಮೇಲೆ ಅದು ಬರೀ ಸುಣ್ಣ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿ ಕೊಡಿಸಿ. ಕಡಿಮೆ ದುಡ್ಡಿನಲ್ಲಿ ಇಷ್ಟು ದೊಡ್ಡ ಉಪಕಾರ ಬೇರೆ ಇಲ್ಲ.

ಅಳತೆ: ಒಳ್ಳೆಯ ಪುಡಿಯಾದರೆ 1000 ಲೀಟರಿಗೆ 2.5 ಗ್ರಾಂ. ತೆರೆದ ಬಾವಿಯಾದರೆ ಅಡ್ಡಳತೆ ಮತ್ತು ನೀರಿನ ಆಳವನ್ನು ಮೀಟರಿನಲ್ಲಿ ಅಳೆಯಿರಿ. ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 3 ಮೀಟರ್ ಅಗಲ, 4 ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 28,000 ಲೀಟರ್. ಪುಡಿ 70 ಗ್ರಾಂ.

ಪುಡಿಯನ್ನು ನೇರವಾಗಿ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿನ ಥರ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ಹಾಕಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿ ಮಾತ್ರ ಬಾವಿಗೋ ಟ್ಯಾಂಕಿಗೋ ಹಾಕಿ, ಒಂದು ಗಂಟೆ ಬಿಟ್ಟು ನೀರು ಬಿಡಿ. ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. ಅದನ್ನು ಬಣ್ಣ ನೋಡಿ ಹೇಳುವ ಚಿಕ್ಕ ಕಿಟ್ ಸಿಗುತ್ತದೆ. ವಾರಕ್ಕೊಮ್ಮೆ ನೋಡುವ ಕೆಲಸವನ್ನು ಒಂದಿಬ್ಬರು ಹೆಣ್ಣುಮಕ್ಕಳಿಗೆ ಕಲಿಸಿ. ಸ್ತ್ರೀಶಕ್ತಿ ಸಂಘದವರಾದರೆ ಇನ್ನೂ ಒಳ್ಳೆಯದು.

ಎಚ್ಚರಿಕೆ: ತೊಟ್ಟಿ, ಸಂಪು, ಹಳೇ ಬಾವಿಯ ಒಳಗೆ ನೀವಾಗಲೀ ಊರಿನ ಹುಡುಗರಾಗಲೀ ಸುಮ್ನೆ ಇಳಿಯಬೇಡಿ. ಉಸಿರು ಕಟ್ಟಿ ಸಾಯುವವರಲ್ಲಿ ಎರಡನೆಯವರು ಎಷ್ಟೋ ಸಲ ಮೊದಲನೆಯವರನ್ನು ಎತ್ತಲು ಇಳಿದವರೇ ಆಗಿರುತ್ತಾರೆ. ಬಾವಿ ಕೆಲಸ ಗೊತ್ತಿದ್ದವರಿಗೆ ಬಿಡಿ.

ಹಂತ 7: ಆರ್‌ಒ ಹಾಕಲೇಬೇಕಾದರೆ

ಹಳ್ಳಿಯಲ್ಲಿ ಇದನ್ನು ‘ಫಿಲ್ಟರ್ ನೀರು’ ಅಂತಾರೆ. ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್. ಮೊದಲು ಕೆಟ್ಟು ನಿಂತ ಘಟಕ ಹತ್ತಿರದಲ್ಲಿದೆಯಾ ನೋಡಿ, ಅದನ್ನೇ ಎಬ್ಬಿಸಿ. ಹೊಸದಕ್ಕೆ ಕೈ ಹಾಕುವ ಮುಂಚೆ ಲೆಕ್ಕ ಬರೆದು ನೋಡಿ. 80 ಮನೆ, ದಿನಕ್ಕೆ ಒಂದೊಂದು ಕ್ಯಾನ್, ತಿಂಗಳಿಗೆ 12,000 ರೂಪಾಯಿ. ಇದರಲ್ಲಿ ಕರೆಂಟು, ನೋಡಿಕೊಳ್ಳುವವರ ಸಂಬಳ, ಕಾರ್ಟ್ರಿಜ್ (ಮೊದಲು ಕೆಸರು ಸೋಸುವ ಭಾಗ) ಹೋಗಿ ಉಳಿದದ್ದು ಮೆಂಬ್ರೇನಿಗೆ (ಕೆಲವು ವರ್ಷಕ್ಕೆ ಬದಲಾಯಿಸಬೇಕು). 25 ಮನೆಯ ಊರಿಗೆ ಈ ಲೆಕ್ಕ ಕೂಡುವುದೇ ಇಲ್ಲ, ಅಂಥ ಕಡೆ ಆಸೆ ಬಿಡಿ. ಒಂದು ಲೀಟರ್ ಒಳ್ಳೆ ನೀರಿಗೆ ಸುಮಾರು ಅಷ್ಟೇ, ಕೆಲವು ಸಲ ಅದಕ್ಕಿಂತ ಜಾಸ್ತಿ ಉಪ್ಪು ನೀರು ಹೊರಗೆ ಬರುತ್ತದೆ. ಅದರಲ್ಲಿ ಫ್ಲೋರೈಡ್ ಗಟ್ಟಿಯಾಗಿರುತ್ತದೆ. ಬೋರ್‌ವೆಲ್ ಪಕ್ಕ ಇಂಗಿಸಿದರೆ ಸುತ್ತಿ ಬಂದು ಅದೇ ನೀರನ್ನು ಮತ್ತೆ ಸೋಸುತ್ತೀರಿ. ಶೌಚಾಲಯಕ್ಕೆ, ಪಾತ್ರೆ ತೊಳೆಯಲು ಪೈಪ್ ಎಳೆಯಿರಿ.

ಹಂತ 8: ಜಾಗ, ದುಡ್ಡು, ಬೀಗದ ಕೈ

ಜಾಗ ಎಲ್ಲಿ ಅನ್ನುವುದು ಪ್ಲಂಬಿಂಗ್ ಪ್ರಶ್ನೆ ಅಲ್ಲ. ದೇವಸ್ಥಾನದ ಅಂಗಳದಲ್ಲಿ ನಲ್ಲಿ ಇಟ್ಟರೆ ಎಲ್ಲರೂ ಬಂದು ಹಿಡಿಯುತ್ತಾರಾ? ಕೇಳಿದರೆ “ನಮ್ಮೂರಲ್ಲಿ ಆ ಥರ ಏನಿಲ್ಲ” ಅಂತಾರೆ. ಕಾಲೋನಿಯ ಹೆಂಗಸರನ್ನು ಬೇರೆಯಾಗಿ ಕೂರಿಸಿ ಕೇಳಿ. ಸಾರ್ವಜನಿಕ ಬಾವಿ, ಕೆರೆ ಬಳಸದಂತೆ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಅಂತ ಸಂವಿಧಾನದ 15ನೇ ವಿಧಿ ಹೇಳುತ್ತದೆ, ಹಾಗೆ ತಡೆಯುವುದು ಅಪರಾಧ. ಆದರೂ ಜಗಳ ಆದಮೇಲೆ ಕಾನೂನು ಹೇಳುವುದಕ್ಕಿಂತ ಮೊದಲೇ ಶಾಲೆ ಅಥವಾ ಅಂಗನವಾಡಿ ಪಕ್ಕ ಜಾಗ ಆರಿಸುವುದು ಜಾಣತನ.

ನೀರು ಮತ್ತು ನೈರ್ಮಲ್ಯ ಸಮಿತಿಯ ಸಭೆ ಹೆಂಗಸರಿಗೆ ಬಿಡುವಿರುವ ಹೊತ್ತಿಗೆ ಇಡಿ. ಬೆಳಿಗ್ಗೆ ಹತ್ತಕ್ಕೆ ಕರೆದರೆ ಬರುವುದು ಕೆಲಸವಿಲ್ಲದ ಗಂಡಸರು.

ಊರಿನವರಿಂದಲೂ ಸ್ವಲ್ಪ ದುಡ್ಡೋ ಕೂಲಿಯೋ ಬರಲಿ. ಜಲ ಜೀವನ್ ಮಿಷನ್ನಿನಲ್ಲೇ ಊರೊಳಗಿನ ಕೆಲಸದ ಖರ್ಚಿನಲ್ಲಿ ನೂರಕ್ಕೆ 10, ಪರಿಶಿಷ್ಟ ಜಾತಿ, ಪಂಗಡದವರು ಅರ್ಧಕ್ಕಿಂತ ಜಾಸ್ತಿ ಇರುವ ಊರಲ್ಲಿ 5, ಜನರ ಪಾಲು ಅಂತ ಇಟ್ಟಿದ್ದಾರೆ. ಬ್ಯಾಂಕ್ ಖಾತೆ ಸಮಿತಿಯ ಹೆಸರಲ್ಲಿ, ಇಬ್ಬರ ಸಹಿ, ಒಬ್ಬರು ಹೆಣ್ಣುಮಗಳು. ಪ್ರತಿ ತಿಂಗಳ ಜಮಾ ಖರ್ಚು ಶಾಲೆಯ ಗೋಡೆ ಮೇಲೆ ಬರೆಸಿ. ಬೀಗದ ಕೈ ಎರಡು, ಬೇರೆ ಬೇರೆ ಕೇರಿಯವರ ಹತ್ತಿರ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ, ಮಾಮೂಲಿ ಬ್ಯಾಂಕ್ ದಾರಿಯಲ್ಲಿ ಕೊಟ್ಟರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಬೇರೆ ದೇಶದ ಪೌರತ್ವ ತೆಗೆದುಕೊಂಡವರು, ಒಸಿಐ ಕಾರ್ಡ್ ಇದ್ದರೂ, ಕೊಡುವುದು ವಿದೇಶಿ ದೇಣಿಗೆ. ಅದನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಅನುಮತಿ ಇರುವ ಸಂಸ್ಥೆ ಮಾತ್ರ ತೆಗೆದುಕೊಳ್ಳಬಹುದು. ಸ್ನೇಹಿತನ ಖಾತೆಗೆ ಹಾಕಿ ಅವನನ್ನು ತೊಂದರೆಗೆ ಸಿಕ್ಕಿಸಬೇಡಿ.

ಮಲೆನಾಡಿನ ಕಡೆಯವರಿಗೆ

ಘಟ್ಟದ ಒಂಟಿ ಮನೆಗಳಿಗೆ ಗುಡ್ಡದ ಒರತೆಯಿಂದ ದಂಬೆಯಲ್ಲೋ (ಸೀಳಿದ ಅಡಿಕೆ ಮರದ ಕಾಲುವೆ) ಪೈಪಿನಲ್ಲೋ ತಾನೇ ಇಳಿದು ಬರುವ ಅಬ್ಬಿ ನೀರೇ ಗತಿ. ಅಲ್ಲಿ ಫ್ಲೋರೈಡಿನ ಚಿಂತೆ ಕಡಿಮೆ. ಕ್ರಿಮಿ, ಕೆಸರು, ಕೆಲವು ಕಡೆ ಕಬ್ಬಿಣದ ಕೆಂಪು. ಒರತೆಯ ಬಾಯಿಗೆ ಮುಚ್ಚಿದ ಕಲ್ಲಿನ ತೊಟ್ಟಿ ಕಟ್ಟಿ, ಮೇಲ್ಗಡೆ ದನ ಹೋಗದ ಹಾಗೆ ಬೇಲಿ ಹಾಕಿ. ಪೈಪ್ ದಿಬ್ಬ ಹತ್ತಿ ಇಳಿಯುವಲ್ಲಿ ಗಾಳಿ ಕಟ್ಟಿಕೊಂಡು ನೀರು ನಿಲ್ಲುತ್ತದೆ, ಅಲ್ಲೊಂದು ಗಾಳಿ ಬಿಡುವ ವಾಲ್ವ್ ಇಡಿ. ಉಳಿದದ್ದು ಅಲ್ಲಿನವರಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಯಾವಾಗ ಶುರು ಮಾಡಬೇಕು

ಬಯಲುಸೀಮೆಯ ಈ ಭಾಗದಲ್ಲಿ ಜಾಸ್ತಿ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಾಗಾಗಿ ನವೆಂಬರಿನಲ್ಲಿ ಪಂಚಾಯಿತಿಗೆ ಹೋಗಿ, ಮಳೆ ಮುಗಿದ ಮೇಲಿನ ನೀರು ಪರೀಕ್ಷೆ ಮಾಡಿಸಿ. ಡಿಸೆಂಬರ್, ಜನವರಿ ಊರು ಸುತ್ತಲು, ಸಭೆಗೆ, ಠರಾವಿಗೆ. ಬೇಸಿಗೆಯಲ್ಲಿ ಇನ್ನೊಂದು ಪರೀಕ್ಷೆ. ಬೋರ್‌ವೆಲ್‌ನ ನಿಜವಾದ ಬಣ್ಣ ಏಪ್ರಿಲಿನಲ್ಲೇ ಗೊತ್ತಾಗುವುದು. ತೊಟ್ಟಿ ಕೆಲಸ ಶಾಲೆಗೆ ರಜೆ ಇರುವಾಗ ಮುಗಿಸಿ. ಮೇ ಕೊನೆಗೆ ಚಾವಣಿ ಗುಡಿಸಿ, ಮರಳು ತೊಳೆದು, ತೊಟ್ಟಿಗೆ ಕ್ಲೋರಿನ್ ಹಾಕಿ ಇಡಿ. ಮುಂದಿನ ವರ್ಷ ಮೇ ಕೊನೆಗೆ ಇದೇ ಕೆಲಸಕ್ಕೆ ಮತ್ತೆ ಹೋಗಿ, ಆದರೆ ಪೊರಕೆ ನೀವು ಹಿಡಿಯಬೇಡಿ. ಮೇಷ್ಟ್ರೋ ಬಿಸಿಯೂಟದ ಅಕ್ಕನೋ ನೀವು ಬರುವ ಹೊತ್ತಿಗೆ ಆಗಲೇ ಏಣಿ ಹಾಕಿದ್ದರೆ, ಎರಡನೇ ಹಳ್ಳಿ ಹುಡುಕಲು ಶುರು ಮಾಡಬಹುದು.